ಮಡಿಕೇರಿಯ ಟೈರ್ ಅಂಗಡಿ: ಕೆಲಸ ಚೆನ್ನಾಗಿದೆ, ನೈಟ್ರೋಜನ್ ಮಾತು ಜಾಸ್ತಿ

ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗುವವರು ಇಲ್ಲಿ ಗಾಳಿ ನೋಡಿಸಿಕೊಳ್ಳಿ, ಹುಡುಗನಿಗೆ ಕೆಲಸ ಗೊತ್ತಿದೆ. ಗೇಜ್ ಇಡುವ ಮೊದಲೇ ಟೈರ್ ಮುಟ್ಟಿ ನೋಡಿದ. "ಬಿಸಿ ಇದೆ ಅಣ್ಣಾ, ಚಾ ಕುಡಿದು ಬನ್ನಿ" ಅಂದ. ಸರಿಯಾದ ಮಾತು. ಓಡಿದ ಟೈರ್ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಲು ನೋಡುತ್ತದೆ, ಆದರೆ ಟೈರ್ ಅಷ್ಟು ಹಿಗ್ಗುವುದಿಲ್ಲ, ಹಾಗಾಗಿ ಒತ್ತಡ ಏರುತ್ತದೆ, 10 ಡಿಗ್ರಿಗೆ ಸುಮಾರು ಒಂದೂವರೆ ಪಿಎಸ್‌ಐ. ಜಾಸ್ತಿಯಾಯ್ತು ಅಂತ ಆಗಲೇ ಗಾಳಿ ಬಿಟ್ಟರೆ ಬೆಳಗಿನ ಚಳಿಗೆ ಟೈರ್ ಮೆತ್ತಗಾಗಿರುತ್ತದೆ.

ಘಾಟಿ ಇಳಿದ ಮೇಲೆ ಇನ್ನೊಂದು ಲೆಕ್ಕ. ಮಡಿಕೇರಿ 1,100 ಮೀಟರಿಗೂ ಎತ್ತರ, ಕೆಳಗೆ ಹೊರಗಿನ ಗಾಳಿಯ ಒತ್ತಡ ಜಾಸ್ತಿ, ಅದಕ್ಕೇ ಗೇಜ್ ಎರಡರ ಹತ್ತಿರ ಕಡಿಮೆ ತೋರಿಸಬೇಕು. ಕರಾವಳಿಯ ಸೆಕೆ ಅದನ್ನು ಬಹುಪಾಲು ತುಂಬಿಕೊಡುತ್ತದೆ. (ನಮ್ಮೂರಲ್ಲಿ ಚಿಪ್ಸ್ ಪ್ಯಾಕೆಟ್ ಉಬ್ಬಿಕೊಂಡಿರುವುದೂ ಇದೇ ಎತ್ತರಕ್ಕೆ.)

ಬೇಸರ ಆಗಿದ್ದು ನೈಟ್ರೋಜನ್ ವಿಷಯದಲ್ಲಿ. "ಬಿಸಿಗೆ ಹಿಗ್ಗೋದೇ ಇಲ್ಲ ಸಾರ್" ಅಂತಾರೆ ಮಾಲೀಕರು. ಸುಮ್ನೆ! ಮಾಮೂಲಿ ಗಾಳಿಯಲ್ಲೇ 78 ಪರ್ಸೆಂಟ್ ನೈಟ್ರೋಜನ್ ಇದೆ, ಎರಡೂ ಹೆಚ್ಚುಕಡಿಮೆ ಒಂದೇ ಥರ ಹಿಗ್ಗುತ್ತವೆ. ತೇವ ಇರುವುದಿಲ್ಲ, ಅದೊಂದು ಲಾಭ ಅಷ್ಟೇ. ಅದಕ್ಕೆ ದುಡ್ಡು ಕೊಡಬೇಕಾ, ನೀವೇ ಯೋಚಿಸಿ. ಐದಕ್ಕೆ ನಾಲ್ಕು ಸ್ಟಾರ್. ಭಾನುವಾರ ಮಾತ್ರ ಹೋಗಬೇಡಿ, ಟೂರಿಸ್ಟ್ ಗಾಡಿಗಳ ಸಾಲು ರಸ್ತೆವರೆಗೂ ಇರುತ್ತದೆ.