ಬಳ್ಳಾರಿಯಿಂದ ಲಂಕೆಗೆ ಆರು ದಿನದ ಪ್ಯಾಕೇಜು: ಬಸ್ಸಿಗೆ ಭೇಷ್, ವೇಳಾಪಟ್ಟಿಗೆ ಕತ್ತರಿ

ಬಳ್ಳಾರಿಯ ಟೂರ್ ಆಫೀಸೊಂದರ 5 ರಾತ್ರಿ 6 ದಿನದ ಶ್ರೀಲಂಕಾ ಪ್ಯಾಕೇಜಿನಲ್ಲಿ ಬಸ್ಸು, ರೂಮು ಚೆನ್ನಾಗಿವೆ. ಎಡವಟ್ಟಾಗಿರುವುದು ವೇಳಾಪಟ್ಟಿಯಲ್ಲಿ.

ಬೆಳಿಗ್ಗೆ ದಂಬುಲ್ಲದ ಗುಹೆಗಳು, ಮಧ್ಯಾಹ್ನ ಸಿಗಿರಿಯದ ಬಂಡೆಕೋಟೆ ಎಂದು ಹಾಕಿದ್ದಾರೆ. ಇದನ್ನು ತಿರುವುಮುರುವು ಮಾಡಿಸಿ. ಐದೂ ಗುಹೆಗಳ ಒಳಗೆ ನೆರಳಿದೆ. ಸಿಗಿರಿಯದ ಸಿಂಹಪಾದ ಎಂಬ ಬಾಗಿಲಿನಿಂದ ಮೇಲಿನ ಕಬ್ಬಿಣದ ಮೆಟ್ಟಿಲಿಗೆ ಅದಿಲ್ಲ. ಅಂಜನಾದ್ರಿಯದ್ದು 575 ಮೆಟ್ಟಿಲು, ಇಲ್ಲಿ ಸುಮಾರು 1,200. ಬಾಗಿಲು ತೆರೆಯುತ್ತಿದ್ದಂತೆ ಹತ್ತಲು ಶುರುಮಾಡಿದರೆ ಮೊಣಕಾಲು ಬೈಯುವುದಿಲ್ಲ. ಬಂಡೆಯಲ್ಲಿ ಕಡಜದ ಗೂಡುಗಳಿವೆ, ಗದ್ದಲಕ್ಕೆ ಏಳುತ್ತವೆ. ಜೈಕಾರ ಹಾಕುವ ಉಮೇದಿದ್ದರೆ ಅಂಜನಾದ್ರಿಗೇ ಮೀಸಲಿಡಿ. ಪಾಸ್‌ಪೋರ್ಟು ಜೇಬಿನಲ್ಲಿರಲಿ: ಭಾರತವೂ ಸೇರಿದ ಸಾರ್ಕ್ ದೇಶದವರಿಗೆ ಟಿಕೆಟ್ ದರ ಕಡಿಮೆ. ಟಿಕೆಟ್ಟುಗಳು ಪ್ಯಾಕೇಜಿನ ದುಡ್ಡಿನಲ್ಲಿ ಸೇರಿವೆಯೇ ಎಂದು ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ.

ಮಾತಲೆಯ ಮಸಾಲೆ ತೋಟ, ಕ್ಯಾಂಡಿಯ ರತ್ನದಂಗಡಿ ಎರಡೂ ಕಮಿಷನ್ನಿನ ನಿಲ್ದಾಣಗಳು. ಅವನ್ನು ಬಿಡಿಸಿ ಆ ಹೊತ್ತನ್ನು ಹಳೇ ರಾಜಧಾನಿ ಪೊಲೊನ್ನರುವಕ್ಕೆ ಕೊಡಿಸಿ. ಪ್ಯಾಕೇಜಿನಲ್ಲಿ ಅದಕ್ಕೆ ಸಿಕ್ಕಿರುವುದು ಒಂದೇ ತಾಸು, ಗಲ್ ವಿಹಾರದ ಮಲಗಿದ ಬುದ್ಧನೊಬ್ಬನನ್ನು (ಸುಮಾರು 14 ಮೀಟರ್) ನೋಡುವಷ್ಟರಲ್ಲಿ ಮುಗಿಯುತ್ತದೆ. ಹಂಪಿ ನೋಡಿ ಬೆಳೆದವರಿಗೆ ರುಚಿಸುವುದು 2ನೇ ಶಿವ ದೇವಾಲೆ (ಶಿವನ ಗುಡಿ): 11ನೇ ಶತಮಾನದಲ್ಲಿ ಚೋಳರು ಪೂರ್ತಿ ಕಲ್ಲಿನಲ್ಲಿ ಕಟ್ಟಿಸಿದ್ದು, ಗೋಡೆಯ ಮೇಲೆ ತಮಿಳು ಶಾಸನಗಳಿವೆ. ಸುತ್ತಲಿನ ಕಟ್ಟಡಗಳೆಲ್ಲ ಹೆಚ್ಚಾಗಿ ಇಟ್ಟಿಗೆಯವು, ಹಾಗಾಗಿ ವ್ಯತ್ಯಾಸ ದೂರದಿಂದಲೇ ಗೊತ್ತಾಗುತ್ತದೆ. ಪೊಲೊನ್ನರುವದ ಟಿಕೆಟ್ ಸಿಗುವುದು ಕೆರೆ ಪಕ್ಕದ ಮ್ಯೂಸಿಯಮ್ಮಿನಲ್ಲಿ. ನೇರ ಗೇಟಿಗೆ ಹೋದರೆ ವಾಪಸ್ಸು ಬರಬೇಕು. ಚಪ್ಪಲಿ ಬಿಡಬೇಕಾದ ಕಡೆ ಹಾಸುಗಲ್ಲು ಕಾದ ಹಂಚು, ದಪ್ಪ ಸಾಕ್ಸ್ ಇಟ್ಟುಕೊಳ್ಳಿ. ಭುಜ, ಮೊಣಕಾಲು ಮುಚ್ಚಿರಬೇಕು. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದರೆ ಕಾವಲುಗಾರರು ತಡೆಯುತ್ತಾರೆ.

ಊಟದ್ದು ದೊಡ್ಡ ತಕರಾರು. 'ವೆಜ್' ಎಂದು ಬಡಿಸುವ ಕಾಯಿಚಟ್ನಿ (ಪೊಲ್ ಸಂಬೋಲ), ಸೊಪ್ಪಿನ ಪಲ್ಯದಲ್ಲೂ ಉಂಬಲಕಡ ಎಂಬ ಒಣಮೀನಿನ ಪುಡಿ ಇರುವುದುಂಟು. ಅದು ಅಲ್ಲಿನವರ ಲೆಕ್ಕದಲ್ಲಿ ಮಸಾಲೆ! 'ವೆಜಿಟೇರಿಯನ್' ಎಂದರೆ ಸಾಲದು, 'ಉಂಬಲಕಡ ಎಪಾ' (ಉಂಬಲಕಡ ಬೇಡ) ಎಂದು ಹೆಸರು ಹಿಡಿದೇ ಹೇಳಿ. ಮೊಸರಿಗೆ ಕಿತುಲ್ (ಬೈನೆ ಮರ) ಬೆಲ್ಲದ ಪಾಕ ಹಾಕಿ ಕೊಡುತ್ತಾರೆ, ಬಿಡಬೇಡಿ.

ಗಾಲೆ ಕೋಟೆಗೆ ಪ್ರವೇಶ ಶುಲ್ಕವಿಲ್ಲ. ಪೋರ್ಚುಗೀಸರು ಶುರುಮಾಡಿದ್ದನ್ನು 1640ರಲ್ಲಿ ಡಚ್ಚರು ಕಿತ್ತುಕೊಂಡು ಬಲಪಡಿಸಿದರು. ಹಳೇ ಬಾಗಿಲಿನ ಒಳಮುಖದಲ್ಲಿ ಅವರ ಈಸ್ಟ್ ಇಂಡಿಯಾ ಕಂಪನಿಯ ಲಾಂಛನ, 1669 ಎಂಬ ಇಸವಿ ಇದೆ. ಒಳಗೆ ಈಗಲೂ ಜನವಸತಿ ಇದೆ. ಪ್ಯಾಕೇಜಿನವರು ಮಟಮಟ ಮಧ್ಯಾಹ್ನ ಇಳಿಸುತ್ತಾರೆ. ಸಂಜೆ ನಾಲ್ಕೂವರೆಗೆ ಗಡಿಯಾರ ಗೋಪುರದಿಂದ ಗೋಡೆಯ ಮೇಲೆ ನಡೆಯುತ್ತ ಹೊರಟರೆ ದೀಪಸ್ತಂಭ ಸೇರುವ ವೇಳೆಗೆ ಬಿಸಿಲು ಇಳಿದಿರುತ್ತದೆ.

ಹೊರಡುವ ತಾರೀಖಿನಲ್ಲಿ ಹುಣ್ಣಿಮೆ ಬರುತ್ತದೆಯೇ ನೋಡಿ. ಪೋಯ (ಹುಣ್ಣಿಮೆ) ದಿನ ರಜೆ, ಬುದ್ಧನ ಹಲ್ಲನ್ನು ಇಟ್ಟಿರುವ ಕ್ಯಾಂಡಿಯ ದಂತ ಮಂದಿರದಲ್ಲಿ ಕಾಲಿಡಲು ಜಾಗವಿರುವುದಿಲ್ಲ.