ಹಳೆಯ ರೈಫಲ್‌ನ ನಳಿಗೆ ಪರೀಕ್ಷೆ: ಕಣ್ಣು, ಗುಂಡು, ಕ್ಯಾಮೆರಾ, ಸೀಸ

ನಳಿಗೆಯೊಳಗೆ ಕಪ್ಪು ಕಂಡ ಕೂಡಲೇ ‘ಕೋವಿ ಮುಗಿಯಿತು’ ಎಂದು ತೀರ್ಪು ಕೊಡುವವರು ಸಕಲೇಶಪುರ, ಮೂಡಿಗೆರೆ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ. ಹಾಸನದಲ್ಲಿ ಪೊಲೀಸ್ ಆರ್ಮರರ್ (ಕೋವಿಗಳ ದುರಸ್ತಿ ನೋಡಿಕೊಳ್ಳುವವನು) ಆಗಿ ತ್ರೀ-ನಾಟ್-ತ್ರೀ, ಅಂದರೆ .303 ರೈಫಲ್‌ಗಳ ನಡುವೆಯೇ ಸರ್ವಿಸ್ ಮುಗಿಸಿದವನು ನಾನು. .303 ಸಾರ್ವಜನಿಕರಿಗೆ ನಿಷಿದ್ಧ. ಆದರೆ ತೋಟದವರ ಮನೆಗಳಲ್ಲಿರುವ ಈಶಾಪುರದ .315 ರೈಫಲ್‌ನ ಬೋಲ್ಟು (ಗುಂಡು ತುಂಬಲು ಹಿಂದೆ-ಮುಂದೆ ಎಳೆಯುವ ಭಾಗ), ಮೈಕಟ್ಟು ಎಲ್ಲವೂ .303ರ ಹಾಗೆಯೇ ಬ್ರಿಟಿಷರ ಲೀ-ಎನ್‌ಫೀಲ್ಡ್ ವಂಶದ್ದು. ಚುನಾವಣೆಗೆಂದು ಠಾಣೆಗೆ ಒಪ್ಪಿಸಿದ ಕೋವಿ ವಾಪಸು ಬಂದಾಗ ನನಗೆ ಕರೆ ಬರುವುದು ಅದಕ್ಕೇ. ನಾಲ್ಕು ಬಗೆಯ ಪರೀಕ್ಷೆಗಳನ್ನೂ ಮಾಡಿ ನೋಡಿದ್ದೇನೆ. ನನ್ನ ಮತ ಸೀಸಕ್ಕೆ.

ಮೊದಲು ಬರಿಗಣ್ಣು. ಕೋವಿ ಖಾಲಿ ಇದೆಯೆಂದು ಖಚಿತಪಡಿಸಿಕೊಂಡು, ಬೋಲ್ಟ್ ತೆಗೆದು, ಚೇಂಬರಿನ (ತೋಟಾ ಕೂರುವ ಹಿಂಬದಿಯ ಗೂಡಿನ) ಬಳಿ ಬಿಳಿ ಕಾಗದ ಹಿಡಿದು ಮೂತಿಯಿಂದ ನೋಡುವುದು. ಖರ್ಚಿಲ್ಲ. ಉಬ್ಬು ಹಿಡಿಯಲು ಇದಕ್ಕಿಂತ ಚುರುಕಾದ ದಾರಿಯೂ ಇಲ್ಲ. ಒಂದು ಗುಂಡು ಒಳಗೆ ಸಿಕ್ಕಿಕೊಂಡಿದ್ದಾಗ ಇನ್ನೊಂದನ್ನು ಹಾರಿಸಿದರೆ ನಳಿಗೆ ಅಲ್ಲಿ ಉಬ್ಬುತ್ತದೆ. ಬೆಳಕಿಗೆ ಹಿಡಿದಾಗ ಅದೊಂದು ಕಪ್ಪು ಬಳೆಯಾಗಿ ಕಾಣುತ್ತದೆ. ಲೀ-ಎನ್‌ಫೀಲ್ಡ್‌ನ 1907ರ ಗಿಡ್ಡ ಮಾದರಿಯಾದ ಎಸ್‌ಎಂಎಲ್‌ಇಗೆ ಮೂತಿಯವರೆಗೂ ಮರದ ಹೊದಿಕೆ ಇರುವುದರಿಂದ ಹೊರಗಿನಿಂದ ಸವರಿ ಉಬ್ಬು ಕಂಡುಹಿಡಿಯುವಂತಿಲ್ಲ. ಅಳತೆಯ ಮಾತು ಬಂದರೆ ಮಾತ್ರ ಕಣ್ಣು ಏನನ್ನೂ ಹೇಳದು.

ಮೂತಿಗೆ ಗುಂಡು ತೂರಿಸಿ ‘ಇಷ್ಟು ಒಳಗೆ ಹೋಯಿತು, ಸವೆದಿದೆ’ ಎನ್ನುವುದು ಚೌಕಾಶಿಗೆ ಚೆನ್ನಾಗಿದೆ, ಅಷ್ಟೆ. ನಳಿಗೆ ಒರೆಸುವ ಪುಲ್‌ಥ್ರೂ ಹಗ್ಗವನ್ನು ಮರಳು ಅಂಟಿದ ಹಾಗೆಯೇ ವರ್ಷಗಟ್ಟಲೆ ಓರೆಯಾಗಿ ಎಳೆದರೆ ಮೂತಿಯ ಒಂದು ಬದಿ ಸವೆಯುತ್ತದೆ; ಉಳಿದ ನಳಿಗೆ ಗಟ್ಟಿಯಾಗಿಯೇ ಇರಬಹುದು. ರಷ್ಯಾದ ಮೋಸಿನ್-ನಾಗಾಂತ್ ರೈಫಲ್‌ಗಳ ಸವೆದ ಮೂತಿಯನ್ನು ಅಲ್ಲಿನ ಶಸ್ತ್ರಾಗಾರಗಳು ಒಳಗಿನಿಂದ ಕೊರೆದು ಅಗಲಿಸಿ, ಗುಂಡನ್ನು ತಿರುಗಿಸಲು ನಳಿಗೆಯೊಳಗೆ ಸುರುಳಿಯಾಗಿ ಕೊರೆದಿರುವ ಗೀರುಗಳು ತುಸು ಹಿಂದೆಯೇ ಮುಗಿಯುವಂತೆ ಮಾಡಿದ್ದುಂಟು. ಅಂಥದ್ದರ ಮೂತಿಯಲ್ಲಿ ಗುಂಡು ಪೂರ್ತಿ ಮುಳುಗಿದರೂ ಗುರಿ ಕೆಡಬೇಕಾಗಿಲ್ಲ. ಈ ಪರೀಕ್ಷೆ ನೋಡುವುದು ಕೊನೆಯ ಒಂದು ಬೆರಳಗಲವನ್ನು ಮಾತ್ರ.

ಮೊಬೈಲಿಗೆ ಜೋಡಿಸುವ ಎಂಡೋಸ್ಕೋಪ್ ಬಂದ ಮೇಲೆ ಹೆದರುವವರು ಹೆಚ್ಚಾಗಿದ್ದಾರೆ. ಸಾಸಿವೆಯಷ್ಟೂ ಇಲ್ಲದ ತುಕ್ಕಿನ ಗುಳಿ ಪರದೆಯ ಮೇಲೆ ಮಳೆಗಾಲದ ಶಿರಾಡಿ ಘಾಟಿಯ ಹೊಂಡದಂತೆ ಕಾಣುತ್ತದೆ. ಆದರೂ ಗುಳಿ ಯಾವುದು, ಗುಂಡಿನ ಕವಚ ಬಿಟ್ಟುಹೋದ ಲೋಹದ ಪೊರೆ ಯಾವುದು ಎಂದು ಬಿಡಿಸಿ ಹೇಳುವುದು ಇದೊಂದೇ. ಗೀರುಗಳನ್ನು ಎಣಿಸಲೂ ಅನುಕೂಲ. ಲೀ-ಎನ್‌ಫೀಲ್ಡ್‌ಗೆ ಸಾಮಾನ್ಯವಾಗಿ ಐದು ಗೀರು, ಎಡಕ್ಕೆ ತಿರುಚು, ಹತ್ತು ಇಂಚಿಗೆ ಒಂದು ಸುತ್ತು. ಎರಡನೇ ಮಹಾಯುದ್ಧದ ಅವಸರದಲ್ಲಿ ಅಮೆರಿಕದ ಸ್ಯಾವೇಜ್, ಕೆನಡಾದ ಲಾಂಗ್ ಬ್ರಾಂಚ್ ಕಾರ್ಖಾನೆಗಳು ಲೀ-ಎನ್‌ಫೀಲ್ಡ್‌ನ ನಂಬರ್ 4 ಮಾದರಿಗೆ ಎರಡೇ ಗೀರಿನ ನಳಿಗೆಗಳನ್ನೂ ಹಾಕಿದವು. ಅದನ್ನು ಕಂಡು ‘ಮೂರು ಗೀರು ಸವೆದೇ ಹೋಗಿವೆ’ ಎಂದವರಿದ್ದಾರೆ! ಸವೆಯುವಾಗ ಮೂರನ್ನು ಆರಿಸಿಕೊಂಡು ಎರಡನ್ನು ಬಿಡುವ ನಳಿಗೆ ಇನ್ನೂ ಹುಟ್ಟಿಲ್ಲ. ನಿಜವಾಗಿ ಸವೆದದ್ದು ಮೊದಲಿನ ಲೀ-ಮೆಟ್‌ಫೋರ್ಡ್. 1888ರ ಆ ರೈಫಲ್‌ನ ಗೀರುಗಳು ಆಳವಿಲ್ಲದವು, ಅಂಚು ದುಂಡಾದವು. ಕಪ್ಪು ಮದ್ದಿಗೆ ಅವು ಸರಿಯಿದ್ದವು, ಆಮೇಲೆ ಬಂದ ಹೊಗೆಯಿಲ್ಲದ ಮದ್ದು ಕಾರ್ಡೈಟಿನ ಉರಿಗೆ ತಾಳಲಿಲ್ಲ. 1895ರಲ್ಲಿ ಆಳವಾದ ಐದು ಗೀರಿನ ಎನ್‌ಫೀಲ್ಡ್ ನಳಿಗೆ ಬಂದದ್ದು ಅದರಿಂದಲೇ.

ಇನ್ನು ಸೀಸ. ಬಲೆಗೆ ಕಟ್ಟುವ ಮೆತ್ತನೆಯ ಸೀಸದ ಗುಂಡನ್ನು ನಳಿಗೆಗಿಂತ ಕೂದಲಷ್ಟು ದಪ್ಪ ಇರುವಂತೆ ತಟ್ಟಿಕೊಂಡು, ನಳಿಗೆಗೆ ಎಣ್ಣೆ ಸವರಿ, ಮೂತಿಯಿಂದ ಹಿತ್ತಾಳೆ ಸರಳಿನಲ್ಲಿ ಮೆಲ್ಲಗೆ ದೂಡಬೇಕು. ಒಳಗಿನದನ್ನೆಲ್ಲ ಕೈಯೇ ಓದುತ್ತದೆ. ಒಂದೇ ಬಿಗಿಯಲ್ಲಿ ಸಾಗಿದರೆ ನಳಿಗೆ ಎಷ್ಟೇ ಕಪ್ಪಾಗಿರಲಿ, ಚಿಂತೆಯಿಲ್ಲ. ನಡುವೆ ಸಡಿಲಾಗಿ ಮತ್ತೆ ಬಿಗಿಯಾದರೆ ಅಲ್ಲಿ ಉಬ್ಬಿದೆ. ಹೊರಬಂದ ಸೀಸದ ಮೇಲೆ ಗೀರುಗಳ ಅಚ್ಚು ಚೂಪಾಗಿ ಮೂಡಿರಬೇಕು.

ಅಳೆಯುವಾಗ ಒಂದು ತೊಡಕಿದೆ. ಐದು ಬೆಸ ಸಂಖ್ಯೆ. ಒಂದು ಗೀರಿನ ನೇರ ಎದುರಿಗೆ ಇನ್ನೊಂದು ಗೀರು ಇರುವುದಿಲ್ಲ. ಮಾಮೂಲಿ ಮೈಕ್ರೋಮೀಟರ್ ಹಿಡಿದರೆ ಅಳತೆ ಕಡಿಮೆ ಬಂದು, ಸವೆದ ನಳಿಗೆಯೂ ಹೊಸದರಂತೆ ತೋರುತ್ತದೆ. ಲೇತ್ ಕೆಲಸದವರಲ್ಲಿ ಐದು ಹಲ್ಲಿನ ಟ್ಯಾಪ್ (ತೂತಿನೊಳಗೆ ಮರೆ ಕೊರೆಯುವ ಉಪಕರಣ) ಅಳೆಯುವ 108 ಡಿಗ್ರಿಯ ವಿ-ಮೈಕ್ರೋಮೀಟರ್ ಇರುತ್ತದೆ. ಅದು ಸರಿಯಾಗಿ ಹಿಡಿಯುತ್ತದೆ. ಎರಡು ಗೀರಿನ ನಳಿಗೆಗೆ ಈ ಪಾಡಿಲ್ಲ. .303ರ ಒಳವ್ಯಾಸ 7.7 ಮಿಲಿಮೀಟರ್, ಗುಂಡಿನ ವ್ಯಾಸ ಸುಮಾರು 7.9. ಸೀಸದ ಗೀರಿನ ಅಳತೆ ಗುಂಡಿಗಿಂತ ತೀರಾ ಹೆಚ್ಚಿದ್ದರೆ ಗುಂಡಿಗೆ ಹಿಡಿತ ಸಿಗದೆ ಅಡ್ಡಡ್ಡ ಹಾರುತ್ತದೆ. ರೇಂಜಿನ ಟಾರ್ಗೆಟ್ ಕಾಗದದಲ್ಲಿ ದುಂಡು ತೂತಿನ ಬದಲು ಉದ್ದುದ್ದ ತೂತು ಬೀಳುತ್ತದೆ. ಅಂಥ ನಳಿಗೆಯನ್ನು ಬದಲಿಸಬೇಕು. ಅದು ಪರವಾನಗಿ ಇರುವವರ ಕೆಲಸ.

ಕ್ಯಾಮೆರಾ ಕೊಳ್ಳಲೇಬೇಕೆಂದರೆ ಐದೂವರೆ ಮಿಲಿಮೀಟರ್ ದಪ್ಪದ್ದು ಸಾಕು. ಏಳರದ್ದಕ್ಕೆ ಪಕ್ಕಕ್ಕೆ ನೋಡುವ ಕನ್ನಡಿ ತೊಡಿಸಿದರೆ ಒಳಗೆ ಹೋಗುವುದು ಕಷ್ಟ. ಯಾವ ಪರೀಕ್ಷೆಗೂ ಮೊದಲು ನಳಿಗೆ ಚೊಕ್ಕಟವಾಗಿರಲಿ. ಹಳೆಯ .303 ಗುಂಡಿನ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಭಾಗ) ಉಳಿಸಿಹೋಗುವ ಉಪ್ಪು ಗಾಳಿಯ ತೇವವನ್ನು ಹೀರಿ ತುಕ್ಕು ಹಿಡಿಸುತ್ತದೆ. ಎಣ್ಣೆಗೆ ಅದು ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಕುದಿಯುವ ನೀರನ್ನು ಆಲಿಕೆಯಿಂದ ಚೇಂಬರಿಗೆ ಸುರಿದು, ಚಿಂದಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಎಣ್ಣೆ.