ಕಚ್ಚಿಕೊಂಡ ಪಾತ್ರೆಗಳನ್ನು ಒಲೆಯ ಮೇಲಿಡಬೇಡಿ

ಒಂದರೊಳಗೊಂದು ಕಚ್ಚಿಕೊಂಡ ದೊಡ್ಡ ಪಾತ್ರೆಗಳನ್ನು ತೋರಿಸಿ ಯಾರಾದರೂ “ಒಲೆಯ ಮೇಲಿಟ್ಟು ಸ್ವಲ್ಪ ಬಿಸಿ ಮಾಡಿ, ತಾನಾಗಿಯೇ ಬಿಟ್ಟುಕೊಳ್ಳುತ್ತದೆ” ಎಂದರೆ ದಯವಿಟ್ಟು ಆ ಮಾತಿಗೆ ಕಿವಿಗೊಡಬೇಡಿ. ಬಿಟ್ಟುಕೊಳ್ಳುವುದೇನೋ ನಿಜ. ಆದರೆ ಯಾವ ಕ್ಷಣದಲ್ಲಿ, ಯಾವ ದಿಕ್ಕಿಗೆ, ಯಾರ ಮುಖದ ಎದುರಿಗೆ ಎಂಬುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ನನ್ನ ಎಡ ಮಣಿಕಟ್ಟಿನ ಮೇಲೆ ಬಳೆಯಗಲದ ಸುಟ್ಟ ಕಲೆಯೊಂದು ಉಳಿದಿದೆ. ಅದನ್ನು ನೋಡಿದವರೆಲ್ಲ ಕಾರಣ ಕೇಳುತ್ತಾರೆ; ಉತ್ತರ ಉದ್ದವಾದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ನಾನಿರುವುದು ಅಮೆರಿಕದ ಮಿನ್ನೆಸೋಟದಲ್ಲಿ. ಇಲ್ಲಿ ಮನೆಯಲ್ಲಿ ಬಿಯರ್ ತಯಾರಿಸುವುದು ಗುಟ್ಟಿನ ಕೆಲಸವಲ್ಲ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ, ಇಬ್ಬರು ವಯಸ್ಕರಿರುವ ಮನೆಯಲ್ಲಿ ಸ್ವಂತ ಬಳಕೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಮಾರುವಂತಿಲ್ಲ, ಅಷ್ಟೇ. ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯನ್ನು 65ರಿಂದ 68 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ನೆನೆಸಿ, ಸಿಹಿ ರಸವನ್ನು ಬಸಿದು, ಕಹಿ ಕೊಡುವ ಹಾಪ್ಸ್ ಹೂವು ಹಾಕಿ ಕುದಿಸಿ, ತಣಿಸಿ, ಯೀಸ್ಟ್ ಬೆರೆಸುವುದು. ಒಂದು ಸಲಕ್ಕೆ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್, ರೂಢಿಯ ಅಳತೆ. ಕುದಿಯುವಾಗ ನೊರೆ ಉಕ್ಕುವುದರಿಂದ ಪಾತ್ರೆ 30 ಲೀಟರ್‌ನದಾದರೆ ಒಳ್ಳೆಯದು. ನೀರು ಕಾಯಿಸಲು ಇನ್ನೊಂದು ಬೇಕು. ಹೊಸದಕ್ಕೆ ಬೆಲೆ ಹೆಚ್ಚು. ಹಾಗಾಗಿ ಈ ಹವ್ಯಾಸ ಬಿಡುವವರ ಸಾಮಾನಿಗಾಗಿ ಹೊಸಬರು ಕಾದಿರುತ್ತಾರೆ.

ನಾನೂ ಅಂಥ ಒಬ್ಬರ ಜಾಹೀರಾತು ಕಂಡೆ. ಅದರಲ್ಲಿ “ಒಂದರೊಳಗೊಂದು ಕೂರುವ ಎರಡು ಪಾತ್ರೆಗಳ ಜೋಡಿ” ಎಂದಿತ್ತು. ಚಿತ್ರದಲ್ಲಿಯೂ ಹಾಗೆಯೇ ಕೂತಿದ್ದವು. 60 ಡಾಲರನ್ನು ಮೊದಲೇ ಫೋನಿನಲ್ಲಿ ಕಳಿಸಿ ಎಂದರು, ಕಳಿಸಿದೆ. ಅವರ ಗ್ಯಾರೇಜಿಗೆ ಹೋದಾಗ ತಿಳಿಯಿತು, ಅವು ಜೋಡಿಯೇ ಅಲ್ಲ. ಹೊರಗಿನದು 8 ಗ್ಯಾಲನ್‌ನ ಸ್ಟೀಲ್ ಪಾತ್ರೆ. ಒಳಗಿನದು ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಇಡೀ ಟರ್ಕಿ ಕೋಳಿಯನ್ನು ಕರಿಯಲು ಮಾರುವ ಅಲ್ಯೂಮಿನಿಯಂ ಪಾತ್ರೆ, 30 ಕ್ವಾರ್ಟ್‌ನದು, ಅಂದರೆ ಸುಮಾರು 28 ಲೀಟರ್. ಬೇರೆ ಬೇರೆ ಕಂಪನಿಯವು. ಸುತ್ತಳತೆ ಮಾತ್ರ ಹೆಚ್ಚುಕಡಿಮೆ ಒಂದೇ. ಬಗ್ಗಿ ನೋಡಿದರೆ ಸ್ಟೀಲ್ ಪಾತ್ರೆಯ ಕಂಠ ಒಂದು ಕಡೆ ನೆಗ್ಗಿ ಒಳಗಿನದನ್ನು ಬಿಗಿಯಾಗಿ ಹಿಡಿದಿತ್ತು. ಎದುರು ಬದಿಯಲ್ಲಿ ಉಗುರು ತೂರುವಷ್ಟು ಸಂದಿ. ಆ ಸಂದಿಯಲ್ಲಿ ಕಂದು ಬಣ್ಣದ ಅಂಟು ಒಣಗಿತ್ತು. ಅಲ್ಲಾಡಿಸಿದಾಗ ತಳದಲ್ಲೆಲ್ಲೋ ನೀರು ಗುಳುಗುಟ್ಟಿತು. ತೊಳೆದು, ಬಿಸಿ ಆರುವ ಮೊದಲೇ ಒಂದರೊಳಗೊಂದು ತುರುಕಿಟ್ಟಿದ್ದರೆಂದು ಕಾಣುತ್ತದೆ.

“ಬಿಡಿಸಿ ಕೊಡಿ” ಎಂದೆ. ಅವರು ಉತ್ಸಾಹದಿಂದಲೇ ಪ್ರೊಪೇನ್ ಬರ್ನರ್ ಎಳೆದು ತಂದು ಹಚ್ಚಿದರು. ಒಳಗೆ ನೀರಿದೆ, ಬೆಂಕಿ ಬೇಡ ಎಂದು ನಾನು ಹೇಳುವಷ್ಟರಲ್ಲಿ ಪಾತ್ರೆ ಉರಿಯ ಮೇಲಿತ್ತು. ಗ್ಯಾರೇಜಿನ ಬಾಗಿಲು ಅರ್ಧ ಮುಚ್ಚಿತ್ತು. ಮುಚ್ಚಿದ ಜಾಗದಲ್ಲಿ ಪ್ರೊಪೇನ್ ಉರಿಸುವುದೇ ಕಾರ್ಬನ್ ಮಾನಾಕ್ಸೈಡಿಗೆ ಆಹ್ವಾನ. ಅದರ ಮಾತು ಇನ್ನೊಮ್ಮೆ. ಮೊದಲು ಸಂದಿಯಿಂದ ಸಣ್ಣಗೆ ಸೀಟಿಯಂಥ ಸದ್ದು. ಆಮೇಲೆ ಒಂದೇ ಕಡೆಯಿಂದ ಕಂದು ಹನಿಗಳು ಚಿಮ್ಮತೊಡಗಿದವು. ಒಳಗಿನ ಪಾತ್ರೆಯ ತಳ ಉಬ್ಬಿ “ಟಣ್” ಎಂದಿತು. ಗ್ಯಾಸ್ ಆರಿಸೋಣವೆಂದು ನಾನು ಗುಂಡಿಯತ್ತ ಕೈಚಾಚಿದಾಗಲೇ ಅಲ್ಯೂಮಿನಿಯಂ ಪಾತ್ರೆ ಗೇಣುದ್ದ ಎಗರಿ, ಓರೆಯಾಗಿ ಸ್ಟೀಲಿನ ಅಂಚಿಗೆ ಬಡಿಯಿತು. ಸಂದಿಯಿಂದ ನುಗ್ಗಿದ ಆವಿ ನನ್ನ ಮಣಿಕಟ್ಟನ್ನು ಸವರಿಕೊಂಡು ಹೋಯಿತು. ಅವರಾದರೋ ಆಗ ಪಾತ್ರೆಯ ಮೇಲೆ ಬಗ್ಗಿರಲಿಲ್ಲ. ಬಗ್ಗಿದ್ದರೆ ನಾನಿಲ್ಲಿ ಬೇರೆಯದೇ ಕತೆ ಬರೆಯುತ್ತಿದ್ದೆ.

ಸುಟ್ಟ ಕೈಗೆ ಮಂಜುಗಡ್ಡೆ ತಂದರು, ನಾನು ಒತ್ತಿಕೊಳ್ಳಲಿಲ್ಲ. ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು, ಕೈಗಡಿಯಾರ, ಉಂಗುರಗಳನ್ನು ಊತ ಬರುವ ಮೊದಲೇ ತೆಗೆಯಬೇಕು. ಟೂತ್‌ಪೇಸ್ಟ್, ಶಾಯಿ, ಬೆಣ್ಣೆ ಯಾವುದೂ ಬೇಡ. ಬೊಬ್ಬೆಯನ್ನು ಒಡೆಯಬೇಡಿ.

ಹೀಗೇಕಾಯಿತೆಂದರೆ, ನೀರು ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ತಳದಲ್ಲಿ ಒಂದೇ ದೊಡ್ಡ ಚಮಚದಷ್ಟು, ಅಂದರೆ 15 ಮಿಲಿಲೀಟರ್, ನೀರು ಉಳಿದಿದ್ದರೂ ಅದು ಸುಮಾರು 25 ಲೀಟರ್ ಆವಿ; ಹೆಚ್ಚುಕಡಿಮೆ ಪಾತ್ರೆಯಷ್ಟೇ ಗಾತ್ರ. ಮೂರು ಕಿಲೋ ತೂಕದ ಪಾತ್ರೆಯನ್ನು ಎತ್ತಲು ಬಹಳ ಒತ್ತಡ ಬೇಕಿಲ್ಲ. ಕಂಠದಲ್ಲಿ ಕಚ್ಚಿಕೊಂಡಿರುವುದರಿಂದ ಅದು ಮೆಲ್ಲನೆ ಏಳುವುದಿಲ್ಲ. ಒತ್ತಡ ಕೂಡುತ್ತಾ ಹೋಗಿ, ಹಿಡಿತ ಸಡಿಲವಾದ ಕ್ಷಣಕ್ಕೆ ಎಲ್ಲವೂ ಒಟ್ಟಿಗೆ ಹೊರಬೀಳುತ್ತದೆ. ಇದರ ಜೊತೆಗೆ ಸ್ಟೀಲ್ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುವ ಲೋಹ. ಅಲ್ಯೂಮಿನಿಯಂ ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ವೇಗ. ತಳಕ್ಕೆ ಕೊಟ್ಟ ಉರಿಯಿಂದ ಬಿಗಿ ಇರುವ ಕಂಠ ಬಿಸಿಯಾಗುವುದೇ ಇಲ್ಲ, ಕುದಿಯುವುದು ಕೆಳಗಿನ ನೀರು ಮಾತ್ರ. ಎಲ್ಲಿ ಹಿಗ್ಗಬೇಕೋ ಅಲ್ಲಿಗೆ ಶಾಖ ತಲುಪದು, ಎಲ್ಲಿ ತಲುಪಬಾರದೋ ಅಲ್ಲಿಗೆ ಮೊದಲು ತಲುಪುತ್ತದೆ.

ಇಷ್ಟಾದ ಮೇಲಾದರೂ ಪಾತ್ರೆ ಹೊರಬಂತೇ? ಇಲ್ಲ. ಎಗರಿದ್ದು ಮರಳಿ ಒಳಗೆ ಬಿತ್ತು. ನಾನು ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದಂತೆಯೇ ಅದು “ಗುಡುಕ್” ಎನ್ನುತ್ತಾ ಇನ್ನೂ ಎರಡು ಬೆರಳು ಕೆಳಗಿಳಿಯಿತು. ಒಳಗಿದ್ದ ಗಾಳಿಯನ್ನು ಆವಿ ಹೊರದಬ್ಬಿತ್ತು. ಆರಿದಾಗ ಆವಿ ನೀರಾಗಿ ಅಲ್ಲಿ ನಿರ್ವಾತ ಉಂಟಾಯಿತು. 30 ಸೆಂಟಿಮೀಟರ್ ಅಗಲದ ತಳದಡಿಯ ಒತ್ತಡ ಹತ್ತನೇ ಒಂದು ಭಾಗ ತಗ್ಗಿದರೂ ಮೇಲಿನ ವಾತಾವರಣ ಸುಮಾರು 70 ಕಿಲೋ ಭಾರದಿಂದ ಅದುಮುತ್ತದೆ. ಮೊದಲ ಸಲ ಅವರ ಮನೆಯಲ್ಲಿ ಅವು ಸಿಕ್ಕಿಕೊಂಡದ್ದೂ ಇದೇ ಕಾರಣಕ್ಕೆ ಇರಬೇಕು. ಬೆಂಕಿ ಹಚ್ಚಿ ಅದೇ ರೋಗವನ್ನು ಇಮ್ಮಡಿ ಮಾಡಿದಂತಾಯಿತು.

ಹಣ ವಾಪಸ್ ಕೇಳಿದೆ. “ಇದ್ದ ಹಾಗೆಯೇ ಮಾರಾಟ ಎಂದು ಬರೆದಿದ್ದೆನಲ್ಲ” ಎಂದರು. ಬರೆದಿದ್ದರು, ಕೊನೆಯ ಸಾಲಿನಲ್ಲಿ. ಮುಚ್ಚಳಕ್ಕೆ ಬೇರೆ ಬೆಲೆ ಎಂಬುದನ್ನು ಮಾತ್ರ ಎಲ್ಲಿಯೂ ಬರೆದಿರಲಿಲ್ಲ. ಆದ್ದರಿಂದ ಬಳಸಿದ ಪಾತ್ರೆ ಕೊಳ್ಳುವವರು ಎರಡನ್ನೂ ಬೇರ್ಪಡಿಸಿ ತೆಗೆದ ಚಿತ್ರ ಕೇಳಿ. ಒಳಗಿನ ತಳದ ಚಿತ್ರವನ್ನೂ ಕೇಳಿ. ಬೇರ್ಪಡಿಸದ ಪಾತ್ರೆಗೆ ಮುಂಗಡ ಕೊಡಬೇಡಿ. ಮಾರುವವರು ಕೊಡುವ ಬಿಡಿಸುವ ಸಲಹೆಗಂತೂ ಬೆಲೆಯೇ ಇಲ್ಲ ಎಂದುಕೊಳ್ಳಿ.

ಸ್ಟೀಲ್ ಲೋಟಗಳು ಸಿಕ್ಕಿಕೊಂಡಾಗ ನಮ್ಮ ಮನೆಗಳಲ್ಲಿ ಒಳಲೋಟಕ್ಕೆ ತಣ್ಣೀರು ಹಾಕಿ ಹೊರಲೋಟವನ್ನು ಬಿಸಿನೀರಿನಲ್ಲಿ ಅದ್ದುತ್ತಾರೆ. ಸರಿಯಾದ ಉಪಾಯ. ಆದರೆ ಲೋಟ ಕೆಳಕ್ಕೆ ಕಿರಿದಾಗಿರುವುದರಿಂದ ಕೂದಲೆಳೆಯಷ್ಟು ಜರುಗಿದರೂ ಬಿಟ್ಟುಬಿಡುತ್ತದೆ. ನೇರ ಗೋಡೆಯ ಪಾತ್ರೆ ಹಾಗಲ್ಲ. ಅದನ್ನು ಎಳೆಯುವುದೆಂದರೆ ಸಿರಿಂಜಿನ ತುದಿಗೆ ಬೆರಳು ಒತ್ತಿ ಹಿಡಿಕೆ ಎಳೆದಂತೆ. ಎಳೆದಷ್ಟೂ ಒಳಗಿನ ನಿರ್ವಾತ ಹಿಂದಕ್ಕೆ ಎಳೆಯುತ್ತದೆ. ಕಚ್ಚಿಕೊಂಡ ಪಾತ್ರೆಗಳನ್ನು ಹಾಗೆಯೇ ಮನೆಗೆ ತಂದಿದ್ದೆ. ನಮ್ಮ ಬೀದಿಯಲ್ಲೇ ಇರುವ ತೀರ್ಥಹಳ್ಳಿಯ ಗೆಳೆಯ ನಾನು ಹಿಡಿಕೆಗೆ ಕೈಹಾಕಿದ್ದನ್ನು ಕಂಡು, “ಎಳೆಯಬೇಡ ಮಾರಾಯ, ಮೊದಲು ಅದಕ್ಕೆ ಉಸಿರಾಡಲು ದಾರಿ ಮಾಡು” ಎಂದ. ಇಡೀ ವಿದ್ಯೆ ಆ ಒಂದು ಮಾತಿನಲ್ಲಿದೆ.

ಪೆಟ್ಟಿಗೆಗಳಿಗೆ ಬಿಗಿಯುವ ಪ್ಲಾಸ್ಟಿಕ್ ಪಟ್ಟಿಯನ್ನು ಸಂದಿ ಅಗಲವಿದ್ದ ಕಡೆ ನಿಧಾನವಾಗಿ ತಳದವರೆಗೆ ಇಳಿಸಿದೆವು. ಒಂದೆಡೆ ಒಣಗಿದ ಅಂಟು ತಡೆಯಿತು. ಬೆಚ್ಚಗಿನ ನೀರು ಬಿಟ್ಟು ನೆನೆಯಲು ಬಿಟ್ಟೆವು. ಪಟ್ಟಿಯನ್ನು ಸ್ವಲ್ಪ ತಿರುಚಿದಾಗ “ಸುಂಯ್” ಎಂದು ಗಾಳಿ ಒಳಸೇರುವ ಸದ್ದು ಕೇಳಿತು. ಅರ್ಧ ಕೆಲಸ ಮುಗಿದದ್ದು ಅಲ್ಲಿಯೇ. ಪಟ್ಟಿಯನ್ನು ಅಲ್ಲೇ ಬಿಟ್ಟು ಮುಂದಿನದಕ್ಕೆ ಕೈಹಾಕಿದೆವು.

ಇನ್ನು ಲೋಹದ ಲೆಕ್ಕ. 30 ಸೆಂಟಿಮೀಟರ್ ಅಗಲದ ಪಾತ್ರೆ 60 ಡಿಗ್ರಿ ಬಿಸಿಯೇರಿದರೆ ಅಲ್ಯೂಮಿನಿಯಂ ಸುಮಾರು 0.4 ಮಿಲಿಮೀಟರ್ ಹಿಗ್ಗುತ್ತದೆ, ಸ್ಟೀಲ್ ಸುಮಾರು 0.3. ಹೊರಗೆ ಅಲ್ಯೂಮಿನಿಯಂ, ಒಳಗೆ ಸ್ಟೀಲ್ ಇದ್ದರೆ ಎರಡನ್ನೂ ಸಮನಾಗಿ ಬೆಚ್ಚಗೆ ಮಾಡಿದರೂ ಸಡಿಲವಾಗುತ್ತದೆ. ನಮ್ಮದು ತಿರುಗುಮುರುಗು, ಎರಡನ್ನೂ ಬಿಸಿ ಮಾಡಿದರೆ ಇನ್ನಷ್ಟು ಬಿಗಿ. ಆದ್ದರಿಂದ ಒಳಗಿನದನ್ನು ತಣಿಸುವುದೇ ದಾರಿ. ಯಾವುದು ಯಾವ ಲೋಹವೆಂದು ಅಯಸ್ಕಾಂತದಿಂದ ನಿರ್ಧರಿಸಬೇಡಿ. ಅಡುಗೆ ಪಾತ್ರೆಯ ಒಳ್ಳೆಯ ಸ್ಟೀಲಿಗೂ ಅದು ಅನೇಕ ಸಲ ಅಂಟುವುದಿಲ್ಲ. ಮಂಕು ಬೂದುಬಣ್ಣ ಮತ್ತು ಹಗುರ ತೂಕ ನೋಡಿ ಅಲ್ಯೂಮಿನಿಯಂ ಗುರುತಿಸಿ.

ಮಿನ್ನೆಸೋಟದ ಚಳಿಗಾಲದಲ್ಲಿ ತಣಿಸಲು ಹಣ ಕೊಡಬೇಕಾಗಿಲ್ಲ. ಒಳಪಾತ್ರೆಗೆ ಅಂಗಳದ ಹಿಮ ತುಂಬಿ, ಕಲ್ಲುಪ್ಪು ಬೆರೆಸಿ ಕಲಕಿದೆವು; ಹಿಮ ಮತ್ತು ಉಪ್ಪು ಕೂಡಿದರೆ ಉಷ್ಣಾಂಶ ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ. ಹೊರಗಿನ ಕಂಠಕ್ಕೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ ಸುತ್ತಿದೆವು. ಕುದಿನೀರಲ್ಲ, ನಲ್ಲಿಯ ಬಿಸಿನೀರು ಸಾಕು. ಆಮೇಲೆ ಅವನು ಕೆಳಗಿನ ಹಿಡಿಕೆ, ನಾನು ಮೇಲಿನದು, ಎಡಕ್ಕೊಂದಿಷ್ಟು ಬಲಕ್ಕೊಂದಿಷ್ಟು ತಿರುಗಿಸಿದೆವು, ಎಳೆಯಲಿಲ್ಲ. ಕಿರ್ರೆನ್ನುತ್ತಾ ಮೆಲ್ಲನೆ ಮೇಲೆದ್ದು ಬಂತು. ಉಪ್ಪುನೀರು ಅಲ್ಯೂಮಿನಿಯಮ್ಮನ್ನು ತಿನ್ನುವುದರಿಂದ ಕೂಡಲೇ ತೊಳೆದೆವು.

ಒಳಗಿದ್ದದ್ದನ್ನು ನೋಡಿ ಇಬ್ಬರೂ ಮೂಗು ಮುಚ್ಚಿಕೊಂಡೆವು. ಹಳೆಯ ಸಿಹಿರಸ ಕೊಳೆತು ಕಪ್ಪು ಬೂಷ್ಟು ಕಟ್ಟಿತ್ತು. ಅದನ್ನು ಉಜ್ಜಿ ತೆಗೆದ ಮೇಲೆ ಸ್ಟೀಲಿನ ತಳದಲ್ಲಿ ಸೂಜಿ ಚುಚ್ಚಿದಂಥ ಗುಳಿಗಳು ಕಂಡವು, ಒಂದೊಂದರ ಬಾಯಿಯಲ್ಲೂ ತುಕ್ಕು. ಬ್ಲೀಚ್ ಹಾಕಿ ನೆನೆಯಿಟ್ಟರೆ ಹೀಗೆಯೇ ಆಗುತ್ತದೆ. ಅದರ ಕ್ಲೋರಿನ್ ಅಂಶ ಸ್ಟೀಲಿನ ರಕ್ಷಾಪದರವನ್ನು ಕೊರೆಯುತ್ತದೆ. ಆ ಪಾತ್ರೆಯನ್ನು ಗುಜರಿಗೆ ಹಾಕಿದೆ. ಅಲ್ಯೂಮಿನಿಯಮ್ಮಿನದು ನೀರು ಕಾಯಿಸಲು ಉಳಿದಿದೆ.

ಬೆಂಕಿಯಲ್ಲದೆ ಬೇರೆ ಸಲಹೆಗಳೂ ಬಂದವು. ಸುತ್ತಿಗೆಯಿಂದ ಬಡಿದರೆ ಕಂಠ ಇನ್ನಷ್ಟು ನೆಗ್ಗಿ ಬಿಗಿಯಾಗುತ್ತದೆ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಗೀರುಗಳಲ್ಲಿ ಕೊಳೆ ಮನೆಮಾಡುತ್ತದೆ. ತುಕ್ಕು ಬಿಡಿಸುವ ಎಣ್ಣೆ ಅಡುಗೆ ಪಾತ್ರೆಗೆ ತಕ್ಕುದಲ್ಲ. ಜಿಡ್ಡು ಉಳಿದರೆ ಬಿಯರಿನ ನೊರೆಯೂ ನಿಲ್ಲುವುದಿಲ್ಲ. ಸಂದಿಯಲ್ಲಿ ಡ್ರೈ ಐಸ್, ಅಂದರೆ ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್, ಹಾಕುವುದು ಒಲೆಯಷ್ಟೇ ಅಪಾಯ. ಅದೂ ಅನಿಲವಾಗಿ ಹಿಗ್ಗುತ್ತದೆ. ಎಲ್ಲಕ್ಕಿಂತ ಭಯಾನಕವಾದದ್ದು ಕಾರಿನ ಚಕ್ರಕ್ಕೆ ಗಾಳಿ ತುಂಬುವ ಪಂಪು. 30 ಪಿಎಸ್‌ಐ, ಅಂದರೆ ಚದರ ಅಂಗುಲಕ್ಕೆ 30 ಪೌಂಡ್, ಒತ್ತಡ ಈ ಗಾತ್ರದ ತಳದ ಮೇಲೆ, ಗಾಳಿ ಸೋರದಿದ್ದರೆ, ಸುಮಾರು ಒಂದೂವರೆ ಟನ್ ಬಲವಾಗುತ್ತದೆ.

ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ಅಬಕಾರಿ ಕಾಯ್ದೆಗೆ ವಿರುದ್ಧ; ಅಲ್ಲಿನವರು ಇದನ್ನು ಬಿಯರಿನ ಕೈಪಿಡಿ ಎಂದುಕೊಳ್ಳಬಾರದು. ಆದರೆ ಮದುವೆ ಮನೆಯ ದೊಡ್ಡ ಪಾತ್ರೆಗಳನ್ನು ತೊಳೆದು ಬಿಸಿಬಿಸಿಯಾಗಿಯೇ ಪೇರಿಸಿ ಟೆಂಪೋಕ್ಕೆ ಏರಿಸುವವರಿಗೆ ಈ ಕಷ್ಟ ಹೊಸದಲ್ಲ. ಪೂರ್ತಿ ಆರಿಸಿ, ಒರೆಸಿ, ನಡುವೆ ಗೋಣಿಚೀಲವನ್ನೋ ಹಳೆಯ ಪಂಚೆಯನ್ನೋ ಅಂಚಿನ ಹೊರಗೆ ಇಳಿಬೀಳುವಂತೆ ಹಾಸಿ ಪೇರಿಸಿದರೆ ಗಾಳಿಗೆ ದಾರಿ ಇರುತ್ತದೆ.

ಈಗಾಗಲೇ ಒಲೆಯ ಮೇಲಿಟ್ಟಿದ್ದು ಸಂದಿಯಿಂದ ಸೀಟಿಯಂಥ ಸದ್ದು ಬರುತ್ತಿದ್ದರೆ ಪಾತ್ರೆಯ ಮೇಲೆ ಬಗ್ಗಬೇಡಿ, ಎತ್ತಲೂ ಬೇಡಿ, ತಣ್ಣೀರು ಸುರಿಯಲೂ ಬೇಡಿ. ಒಲೆಯ ಹತ್ತಿರ ಹೋಗದೆ ಗ್ಯಾಸನ್ನು ಸಿಲಿಂಡರಿನ ಬಳಿಯೇ ಮುಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ, ಕನಿಷ್ಠ ಒಂದು ಗಂಟೆ ಅದರ ಹತ್ತಿರ ಸುಳಿಯಬೇಡಿ. ಆರಿದ ಮೇಲೆ ಅದು ಮೊದಲಿಗಿಂತ ಬಿಗಿಯಾಗಿರುತ್ತದೆ. ಪ್ಲಾಸ್ಟಿಕ್ ಪಟ್ಟಿಯಿಂದ ಶುರು ಮಾಡಿ.